ಕುಬ್ಜವೃಕ್ಷಕ್ಕೆ ತಂತಿಯ ಸಂಸ್ಕಾರ

'ಬೊನ್ಸಾಯ್' ಎಂಬ ಪದದ ಕೊನೆಯ ಭಾಗವು ಕನ್ನಡದ ಕಿವಿಗೆ ಅಮಂಗಳವಾಗಿ ಕೇಳಿಸುತ್ತದೆ. ಆದರೆ ಜಪಾನೀ ಭಾಷೆಯಲ್ಲಿ 'ಬೊನ್' ಎಂದರೆ ತಟ್ಟೆಯಂಥ ಪಾತ್ರೆ. 'ಸಾಯ್' ಎಂದರೆ ನೆಡುವುದು. ಸಾಯಿಸುವುದಲ್ಲ, ಬಾಳಿಸುವುದೇ ಈ ವಿದ್ಯೆಯ ಗುರಿ. ಹಾಗಿದ್ದರೂ ಮರದ ಕೊಂಬೆಗೆ ತಂತಿ ಬಿಗಿದು ಬಗ್ಗಿಸುವುದು ಹಿಂಸೆಯಲ್ಲವೇ ಎಂದು ನಮ್ಮನ್ನು ಕೇಳಿದವರುಂಟು. ಪ್ರಶ್ನೆ ಹುರುಳಿಲ್ಲದ್ದೇನೂ ಅಲ್ಲ. ಕೆಲಸದ ಕ್ರಮವನ್ನು ಅರಿತ ಮೇಲೆ ಓದುಗರೇ ನಿರ್ಣಯಿಸಲಿ.

1923ರ ಮಹಾಭೂಕಂಪದಲ್ಲಿ ಟೋಕಿಯೊ ನಗರವು ಹಾಳಾದಾಗ, ಅಲ್ಲಿನ ಬೊನ್ಸಾಯ್ ಕುಶಲಿಗಳು ಶುದ್ಧವಾದ ಗಾಳಿ, ನೀರು, ಮಣ್ಣುಗಳನ್ನು ಅರಸಿ ಉತ್ತರದ ಓಮಿಯಾಕ್ಕೆ ಹೋಗಿ, 1925ರಲ್ಲಿ ತಮ್ಮದೇ ಗ್ರಾಮವೊಂದನ್ನು ಕಟ್ಟಿಕೊಂಡರು. ಪೈನ್, ಜುನಿಪರ್ ಮುಂತಾದ ಸೂಜಿಯೆಲೆಯ ಮರಗಳಿಗೆ ತಂತಿ ಸುತ್ತಲು ಈ ಪರಂಪರೆಯವರು ಆರಿಸಿಕೊಳ್ಳುವ ಕಾಲ ಮುಖ್ಯವಾಗಿ ಚಳಿಗಾಲ. ಆಗ ಸಸ್ಯರಸದ ಸಂಚಾರ ಮಂದವಾಗಿರುತ್ತದೆ, ಮೊಗ್ಗು ನಿದ್ರಿಸುತ್ತಿರುತ್ತದೆ, ತೊಗಟೆಯು ಒಳಗಿನ ಕಟ್ಟಿಗೆಯನ್ನು ಭದ್ರವಾಗಿ ಅಪ್ಪಿಕೊಂಡಿರುತ್ತದೆ. ವಸಂತದಲ್ಲಿ ರಸವೇರಿದಾಗಲಾದರೋ ಅದೇ ತೊಗಟೆ ಬೆರಳಿನ ಒತ್ತಡಕ್ಕೇ ಜಾರಿ ಕಳಚಬಹುದು.

ತಂತಿ ತಾಮ್ರದ್ದು. ಅದನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಆರಿಸಿದರೆ ಮೃದುವಾಗುತ್ತದೆ. ಒಮ್ಮೆ ಬಾಗಿದ ಮೇಲೆ ತಾನೇ ಗಡುಸಾಗುತ್ತದೆ. ಸುತ್ತುವ ಕೈಗೆ ವಿಧೇಯವಾಗಿದ್ದು, ಬಳಿಕ ಕೊಂಬೆಯನ್ನು ಹಿಡಿದು ನಿಲ್ಲಿಸುವ ಈ ಗುಣಕ್ಕಾಗಿಯೇ ತಾಮ್ರಕ್ಕೆ ಮನ್ನಣೆ. ತಂತಿಯ ದಪ್ಪ ಸಾಮಾನ್ಯವಾಗಿ ಕೊಂಬೆಯ ದಪ್ಪದ ಮೂರನೆಯ ಒಂದು ಪಾಲು. ಸುತ್ತಿನ ಓರೆ ಸುಮಾರು 45 ಡಿಗ್ರಿ. ಒಂದೇ ತಂತಿಯನ್ನು ಅಕ್ಕಪಕ್ಕದ ಎರಡು ಕೊಂಬೆಗಳಿಗೆ ಹಂಚಿದರೆ ಒಂದಕ್ಕೊಂದು ಆಧಾರವಾಗುತ್ತದೆ. ಬುಡದಿಂದ ತುದಿಗೆ ಸಾಗಬೇಕು, ಸೂಜಿಯೆಲೆಗಳನ್ನು ಅಡಿಯಲ್ಲಿ ಸಿಲುಕಿಸಬಾರದು. ಬಾಗಿಸುವಾಗ ತಂತಿಯು ಬಾಗಿನ ಹೊರಮೈಯಲ್ಲಿರಬೇಕು. ಏಕೆಂದರೆ ಬಿರಿಯುವುದು ಆ ಮೈಯೇ. ಎರಡು ಹೆಬ್ಬೆರಳುಗಳನ್ನು ಒಳಬದಿಗೆ ಆನಿಸಿ, ಅವಸರಿಸದೆ ಒತ್ತುತ್ತ, ಕಿವಿಗೊಟ್ಟು ಆಲಿಸಬೇಕು. ಚಿಟಿಲೆಂಬ ಸಣ್ಣ ಸದ್ದು ಕೇಳಿಸಿತೋ, ಅಂದಿಗೆ ಅಲ್ಲಿಗೇ ನಿಲ್ಲಿಸಬೇಕು. ಹಿಮಗಟ್ಟಿದ ಕೊಂಬೆಯನ್ನಂತೂ ಮುಟ್ಟಲೇಬಾರದು. ಚಳಿಯಲ್ಲಿ ಗಾಯ ಬೇಗ ಮಾಯುವುದಿಲ್ಲವಾದ್ದರಿಂದ, ಬಲವಾಗಿ ಬಾಗಿಸಿದ ಮರವನ್ನು ಕೊರೆಯುವ ಗಾಳಿಗೂ ಹಿಮಕ್ಕೂ ಒಡ್ಡದೆ ಕಾಪಾಡುತ್ತಾರೆ.

ಸುತ್ತುವುದಕ್ಕಿಂತ ಬಿಚ್ಚುವುದರಲ್ಲಿಯೇ ಹೆಚ್ಚಿನವರು ಸೋಲುತ್ತಾರೆಂಬುದು ನಮ್ಮ ಅಭಿಪ್ರಾಯ. ಕೊಂಬೆ ಹೊಸ ರೂಪಕ್ಕೆ ಒಗ್ಗಲು ಹಲವು ತಿಂಗಳು, ಕೆಲವೊಮ್ಮೆ ಒಂದೆರಡು ವರ್ಷವೂ ಬೇಕು. ಅಷ್ಟರಲ್ಲಿ ಕೊಂಬೆ ದಪ್ಪವಾಗಿ ತಂತಿ ತೊಗಟೆಯನ್ನು ಕಚ್ಚಿದರೆ, ಆ ಸುರುಳಿಗಾಯ ವರ್ಷಾನುಗಟ್ಟಲೆ ಮಾಸದು. ಆದ್ದರಿಂದ ಬೆಳವಣಿಗೆಯ ತಿಂಗಳುಗಳಲ್ಲಿ ಆಗಾಗ ನೋಡುತ್ತಿರಬೇಕು. ತೆಗೆಯುವಾಗಲೂ ತಿರುವಿ ಬಿಚ್ಚದೆ, ಇಕ್ಕಳದಿಂದ ತುಂಡುತುಂಡಾಗಿ ಕತ್ತರಿಸಿ ತೆಗೆಯುವುದು ಕ್ಷೇಮ. ತಾಮ್ರ ಉಳಿಸಹೋಗಿ ಕೊಂಬೆ ಮುರಿದುಕೊಳ್ಳುವ ಜಿಪುಣತನ ಇಲ್ಲಿ ಸಲ್ಲದು.

ಹಿರೋಷಿಮಾದ ಯಮಾಕಿ ಮನೆತನದಲ್ಲಿ ಒಂದು ಬಿಳಿ ಪೈನ್ ಇತ್ತು. 1625ರಿಂದ ತಲೆಮಾರುಗಳ ಕೈ ಅದನ್ನು ತಿದ್ದುತ್ತ ಬಂದಿತ್ತು. 1945ರ ಆಗಸ್ಟ್ 6ರಂದು ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ ಅಣುಬಾಂಬು ಸಿಡಿದಾಗ, ಎತ್ತರದ ಗೋಡೆಯ ಮರೆಯಲ್ಲಿದ್ದ ಆ ಮರ ಉಳಿಯಿತು. 1976ರಲ್ಲಿ ಮಸಾರು ಯಮಾಕಿಯವರು ಅದನ್ನು ಅಮೆರಿಕಕ್ಕೇ ದಾನವಿತ್ತರು. ವಾಷಿಂಗ್ಟನ್ನಿನ ರಾಷ್ಟ್ರೀಯ ವೃಕ್ಷೋದ್ಯಾನದಲ್ಲಿ ಅದನ್ನು ಕಾಲುಶತಮಾನ ಕಾಲ ನೀರೆರೆದು ಪೋಷಿಸಿದವರಿಗೆ, ಅದು ಬಾಂಬಿನಿಂದ ಬದುಕಿಬಂದ ಮರವೆಂದು ತಿಳಿದುದು 2001ರಲ್ಲಿ, ಯಮಾಕಿಯವರ ಮೊಮ್ಮಕ್ಕಳು ಅದನ್ನು ನೋಡಲು ಬಂದಾಗ.