ಮದುವೆ ವಾಚಿನ ಪಿನ್ನು

ವಾಚು ಕೆಟ್ಟಿತೆಂದು ಆಳಂದದ ಬಜಾರಕ್ಕೆ ಬರುವ ಎಷ್ಟೋ ಜನರ ವಾಚು ಕೆಟ್ಟಿರುವುದೇ ಇಲ್ಲ. ಮುಳ್ಳು ತಿರುಗುತ್ತಿರುತ್ತದೆ, ಟೈಮೂ ಬರೋಬ್ಬರಿ ಇರುತ್ತದೆ. ಸ್ಟೀಲ್ ಚೈನಿನ ಲಾಕು ಮಾತ್ರ ಒಂದು ಕಡೆ ಬಿಟ್ಟುಕೊಂಡು ಜೋತಾಡುತ್ತಿರುತ್ತದೆ. ಕೆಲವರು ಅದನ್ನು ದಾರದಿಂದ ಬಿಗಿದು ತರುತ್ತಾರೆ, ಕೆಲವರು ಕರ್ಚೀಫಿನಲ್ಲಿ ಗಂಟು ಕಟ್ಟಿ ತರುತ್ತಾರೆ.

"ಚಾಚಾ, ಚೈನ್ ಹೋಗ್ಯಾದ. ಹೊಸಾದು ಹಾಕ್ರಿ."

"ಚೈನ್ ಎಲ್ಲಿ ಹೋಗ್ಯಾದೋ ತಮ್ಮಾ? ಪಿನ್ ಮುರದದ. ಕುಂದ್ರು."

ಹೀಗೆ ಕೂರಿಸುವ ಹಿರಿಯರನ್ನು ನೋಡಲೆಂದೇ ನಾನು ಹೋಗಿದ್ದೆ. ಹೆಸರು ಬರೆಯಬ್ಯಾಡ್ರಿ ಎಂದಿದ್ದಾರೆ. ಊರೆಲ್ಲ ಚಾಚಾ ಎನ್ನುವುದರಿಂದ ನಾವೂ ಹಾಗೇ ಅನ್ನೋಣ. ಎದುರಿಗೆ ಗಾಜು ಮುಚ್ಚಿದ ಸಣ್ಣ ಮೇಜು, ಕಣ್ಣಿಗೆ ಭೂತಗನ್ನಡಿ, ಪಕ್ಕದಲ್ಲಿ ಜರ್ದಾದ ಖಾಲಿ ಡಬ್ಬಿಗಳ ಸಾಲು. ನನ್ನ ಕುತೂಹಲವೆಲ್ಲ ಆ ಡಬ್ಬಿಗಳ ಮೇಲೆ. ಸತ್ತುಹೋದ ವಾಚುಗಳಿಂದ ಬಿಚ್ಚಿಟ್ಟ ಪಿನ್ನುಗಳೇ ಅವುಗಳ ತುಂಬ. ಒಂದರ ಮೇಲೆ 'ಪೈಲಟ್', ಇನ್ನೊಂದರ ಮೇಲೆ 'ಕಾಂಚನ', ಮತ್ತೊಂದರ ಮೇಲೆ 'ಲೇಡೀಸ್' ಎಂದು ಬಾಲ್‌ಪೆನ್ನಿನ ಬರಹ. ಮಿಲಿಮೀಟರಿನ ಲೆಕ್ಕ ಎಲ್ಲೂ ಇಲ್ಲ, ಅದು ಚಾಚಾನ ಬೆರಳಲ್ಲಿದೆ.

ಪಿನ್ನು ನೋಡಲಿಕ್ಕೆ ಬರೀ ಕಡ್ಡಿ. ಭೂತಗನ್ನಡಿಯಲ್ಲಿ ನೋಡಿದರೆ ಒಂದೂವರೆ ಮಿಲಿಮೀಟರ್ ದಪ್ಪದ ಕೊಳವೆ. ಅದರೊಳಗೆ ಕೂದಲೆಳೆಯ ಸುರುಳಿ ಸ್ಪ್ರಿಂಗು, ಎರಡೂ ತುದಿಗೆ ಒತ್ತಿದರೆ ಒಳಸರಿದು ಬಿಟ್ಟರೆ ಚಿಮ್ಮುವ ಮೊನೆ. ಚರ್ಮದ ಪಟ್ಟಿಯನ್ನು ವಾಚಿನ ಕಿವಿಗಳ ನಡುವೆ ಹಿಡಿಯುವುದು ಇದೇ, ಚೈನನ್ನು ಲಾಕಿಗೆ ಹಿಡಿದಿಡುವುದೂ ಇದೇ. ಲಾಕಿನ ಅಂಚಿನಲ್ಲಿ ಸಣ್ಣ ತೂತುಗಳ ಸಾಲು ಇರುತ್ತದೆ. ಪಿನ್ನನ್ನು ಒಂದು ತೂತು ಆಚೆ ಈಚೆ ಸರಿಸಿದರೆ ಚೈನು ಸಡಿಲ ಅಥವಾ ಬಿಗಿ. ಚೈನಿನ ಕೊಂಡಿಗಳ ನಡುವಿನ ಪಿನ್ನೇ ಬೇರೆ. ಅದಕ್ಕೆ ಸ್ಪ್ರಿಂಗಿಲ್ಲ. ಒಳಮೈಯಲ್ಲಿ ಬಾಣದ ಗುರುತಿದ್ದ ಕಡೆಗೆ ಬಡಿದು ತೆಗೆಯಬೇಕು. ಇವೆರಡನ್ನು ಅದಲುಬದಲು ಮಾಡಿ ಚೈನು ಕೆಡಿಸಿಕೊಂಡು ಬರುವವರ ಮೇಲೆ ಚಾಚಾನಿಗೆ ಸಿಟ್ಟು.

ಮುರಿಯುವುದು ಯಾಕೆ? ಬೆವರು. ಕಲಬುರಗಿ ಸೀಮೆಯ ಬೇಸಿಗೆ ನಲವತ್ತು ಡಿಗ್ರಿ ದಾಟಿದರೆ ಯಾರೂ ಹುಬ್ಬೇರಿಸುವುದಿಲ್ಲ. ಬೆವರಿನ ಉಪ್ಪು, ತೊಗರಿ ರಾಶಿಯ ಧೂಳು ಎರಡೂ ಕೊಳವೆಯೊಳಗೆ ಸೇರಿ ಸ್ಪ್ರಿಂಗು ತುಕ್ಕು ಹಿಡಿಯುತ್ತದೆ. ಮೊನೆ ಒಳಗೇ ಕಚ್ಚಿಕೊಳ್ಳುತ್ತದೆ. ಒಂದು ದಿನ ಲಾಕು ಎಳೆದಾಗ ಟಕ್ಕೆಂದು ಹೋಗುತ್ತದೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ, ಭೀಮಾ ಅಮರ್ಜಾ ಕೂಡುವಲ್ಲಿ, ಮುಳುಗು ಹಾಕುವ ಭಕ್ತರು ಸಡಿಲ ಲಾಕಿನ ವಾಚನ್ನು ದಡದಲ್ಲೇ ಬಿಚ್ಚಿಡುವುದು ಒಳ್ಳೆಯದು. ದತ್ತಾತ್ರೇಯ ನೋಡಿಕೊಳ್ಳುತ್ತಾನೆಂದು ನೀರಿಗಿಳಿದರೆ ವಾಚು ಭೀಮೆಯ ಪಾಲು.

ಹೊಸ ಪಿನ್ನು ಹಾಕುವುದು ಎರಡು ನಿಮಿಷದ ಕೆಲಸ. ಒಂದು ಮೊನೆಯನ್ನು ತೂತಿಗೆ ಕೂರಿಸಬೇಕು, ಕವಲು ತುದಿಯ ಉಪಕರಣದಿಂದ ಇನ್ನೊಂದನ್ನು ಒತ್ತಿ ಒಳಗೆ ಜಾರಿಸಬೇಕು, ಸದ್ದು ಕೇಳಬೇಕು, ಎಳೆದು ನೋಡಬೇಕು. ಹಾಕುವಾಗ ಎಡಗೈ ಮುಚ್ಚಿರುತ್ತದೆ, ಇಲ್ಲದಿದ್ದರೆ ಪಿನ್ನು ರಸ್ತೆ ಪಾಲು. ಹುಡುಕಲಿಕ್ಕೆ ಹಳೆಯ ಸ್ಪೀಕರಿನ ಅಯಸ್ಕಾಂತ ಇದೆ. ಅದು ಮೇಜಿನಿಂದ ದೂರ, ಮೂಲೆಯಲ್ಲಿ. ಹತ್ತಿರ ತಂದರೆ ಚಾವಿ ವಾಚಿನೊಳಗಿನ ಕೂದಲ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ವಾಚು ಹುಚ್ಚುಹಿಡಿದಂತೆ ಮುಂದೆ ಓಡುತ್ತದೆ.

ಕಷ್ಟದ ಕೆಲಸ ಬೇರೆಯೇ. ಮುರಿದ ಮೊನೆ ಲಾಕಿನ ತೂತಿನೊಳಗೇ ಉಳಿದರೆ ಬಹಳ ಅಂಗಡಿಯವರು ಕೈಚೆಲ್ಲಿ ಚೈನೇ ಬದಲಿಸು ಎನ್ನುತ್ತಾರೆ. ಚಾಚಾ ಮೊದಲು ಹೊಲಿಗೆ ಮಷೀನಿನ ಎಣ್ಣೆ ಬಿಡುತ್ತಾರೆ. ತೂತು ಆರುಪಾರಾಗಿದ್ದರೆ ಹೊರಗಿನಿಂದ ಸೂಜಿ ತೂರಿ ಒತ್ತುತ್ತಾರೆ. ಅದಕ್ಕೂ ಜಗ್ಗದಿದ್ದರೆ, ಲಾಕು ಹಿತ್ತಾಳೆಯದಾಗಿದ್ದರೆ, ಪಟಿಕ. ಸಲೂನಿನಲ್ಲಿ ಗಡ್ಡ ಕೆರೆದ ಮೇಲೆ ತಿಕ್ಕುವ ಅದೇ ಕಲ್ಲು. ಅದನ್ನು ಬಿಸಿನೀರಿನಲ್ಲಿ ಕರಗಿಸಿ ಲಾಕನ್ನು ಅದರಲ್ಲಿ ಮುಳುಗಿಸಿಟ್ಟರೆ, ಪಟಿಕದ ನೀರು ಉಕ್ಕಿನ ಮೊನೆಯನ್ನು ಮೆಲ್ಲಗೆ ತಿಂದುಹಾಕುತ್ತದೆ, ಹಿತ್ತಾಳೆಯನ್ನು ಹೆಚ್ಚುಕಡಿಮೆ ಮುಟ್ಟುವುದಿಲ್ಲ. ಮುರಿದ ಸ್ಕ್ರೂ ತೆಗೆಯಲು ಹಳೆಯ ಗಡಿಯಾರ ರಿಪೇರಿಯವರು ಲೋಕದ ಎಲ್ಲ ಕಡೆ ಮಾಡುತ್ತ ಬಂದ ಉಪಾಯವಿದು. ಡ್ರಿಲ್ಲು ಹಾಕಿ ತೂತು ಅಗಲ ಮಾಡಿದರೆ ಮುಂದೆ ಯಾವ ಪಿನ್ನೂ ನಿಲ್ಲುವುದಿಲ್ಲ.

ಇಷ್ಟೆಲ್ಲ ತಾಪತ್ರಯ ಯಾತಕ್ಕೆಂದರೆ, ಈ ಸೀಮೆಯಲ್ಲಿ ವಾಚು ಮದುವೆಯ ವಸ್ತು. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ವಾಚು ತಯಾರಿ ಶುರುಮಾಡಿತು. 1978ರಲ್ಲಿ ತುಮಕೂರಿನ ಕಾರ್ಖಾನೆ ಬಂತು. ಜನತಾ, ಸೋನಾ, ಪೈಲಟ್ ಚಾವಿ ಕೊಡುವಂಥವು. ಕಾಂಚನ ಮಾತ್ರ ಕೈ ಆಡಿದರೆ ತಾನೇ ಓಡುವ ಆಟೋಮ್ಯಾಟಿಕ್, ಬೀಗರು ಕೇಳಿ ಪಡೆಯುತ್ತಿದ್ದದ್ದು ಅದನ್ನೇ. ಆಮೇಲೆ ಸೆಲ್ಲಿನ ವಾಚು ಬಂತು, ಹೊಸೂರಿನಿಂದ ಟೈಟಾನ್ ಬಂತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಒಪ್ಪಿಗೆ ಕೊಟ್ಟಿತು. ಚರಿತ್ರೆ ಇಷ್ಟು ಸಾಕು. ವರದಕ್ಷಿಣೆಯ ಕಾಂಚನ ಕಟ್ಟಿಕೊಂಡವರು ಅಜ್ಜಂದಿರಾಗಿದ್ದಾರೆ, ವಾಚು ಮಗನ ಕೈಗೆ ಬಂದಿದೆ, ಚೈನಿನ ಪಿನ್ನು ಮುರಿದಿದೆ. ಹೊಸ ಚೈನು ಸಿಗುತ್ತದೆ, ಆದರೆ ಮೊದಲಿನದು ಸಿಗುವುದಿಲ್ಲ.

ಜೇವರ್ಗಿಯಲ್ಲಿ, ಅಫಜಲಪುರದಲ್ಲಿ ಮೊಬೈಲ್ ಅಂಗಡಿಯ ಒಂದು ಮೂಲೆಯಲ್ಲಿ ವಾಚಿನ ಕೆಲಸ ನಡೆಯುತ್ತದೆ. ಸೆಲ್ಲು, ಬೆಲ್ಟು, ಹೊಸ ಪಿನ್ನು ಅಷ್ಟೇ. ಮೊನೆ ಸಿಕ್ಕಿಕೊಂಡಿದ್ದರೆ ಕಲಬುರಗಿಗೆ ಹೋಗಿರಿ ಎನ್ನುತ್ತಾರೆ. ಹತ್ತಿಪ್ಪತ್ತು ರೂಪಾಯಿಯ ಪಿನ್ನಿಗೆ ಬಸ್ ಚಾರ್ಜು ಅದಕ್ಕಿಂತ ಹೆಚ್ಚು. ಬೆಂಗಳೂರಿನಲ್ಲಿ ಎಚ್‌ಎಂಟಿಗೆ ವಸ್ತುಸಂಗ್ರಹಾಲಯ ಮಾಡಿದ್ದಾರೆ, ಒಳ್ಳೆಯದೇ. ತಾಲ್ಲೂಕಿಗೊಂದು ಇಂಥ ಮೇಜು ಉಳಿಸಲಿಕ್ಕೆ ಅದರಷ್ಟು ಖರ್ಚು ಬೇಕಿರಲಿಲ್ಲ. ಒಂದು ಅಲ್ಪಾವಧಿ ತರಬೇತಿಯಾದರೂ ಸಾಕಿತ್ತು.

ಪಿನ್ನಿಗೆ ಮಾತ್ರ ಗಿರಾಕಿ ಕಡಿಮೆಯಾಗಿಲ್ಲ. ಸ್ಮಾರ್ಟ್‌ವಾಚುಗಳ ಬೆಲ್ಟಿಗೂ ಬಹುಪಾಲು ಇದೇ ಸ್ಪ್ರಿಂಗ್ ಪಿನ್ನು, ಇಪ್ಪತ್ತು, ಇಪ್ಪತ್ತೆರಡು ಮಿಲಿಮೀಟರಿನದು. ನಾನಿದ್ದಾಗ ಅದನ್ನು ಕೇಳುತ್ತ ಮೊಬೈಲ್ ಅಂಗಡಿಯ ಹುಡುಗನೊಬ್ಬ ಬಂದ. ಪಟಿಕದ ನೀರಿನ ಬಟ್ಟಲು ನೋಡಿ ಇದೇನ್ರಿ ಎಂದ. ಚಾಚಾ ಹೇಳಿದರು.

"ಎಷ್ಟೊತ್ತು ಹಿಡೀತದರಿ?"

"ಒಂದೊಂದ್ಸಲ ರಾತ್ರಿ ಪೂರಾ."

"ಅಷ್ಟೊತ್ತು ಗಿರಾಕಿ ನಿಲ್ಲಂಗಿಲ್ಲ ಚಾಚಾ."

"ನಿಲ್ಲಂಗಿಲ್ಲ. ನಾಳಿ ಬಾ ಅನಬೇಕು."

ಹುಡುಗ ನಕ್ಕು, ಒಂದು ಜೋಡಿ ಪಿನ್ನು ತೆಗೆದುಕೊಂಡು, ಫೋನ್‌ಪೇ ಮಾಡಿ ಹೋದ.