ಇರಿಡಿಯಂ ಇರುವುದು ಕಲಶದಲ್ಲಲ್ಲ, ಕಲ್ಲಿನ ಪದರದಲ್ಲಿ

ಇರಿಡಿಯಂ ಎಂಬ ಲೋಹದ ಹೆಸರು ನಮ್ಮ ರೈತರಿಗೆ ಗೊತ್ತಾದದ್ದು ಶಾಲೆಯಿಂದಲ್ಲ, ಮೋಸಗಾರರಿಂದ. ಸಿಡಿಲು ಬಡಿದ ಗೋಪುರದ ಕಲಶ ಇರಿಡಿಯಂ ಆಗಿದೆ, ಅಕ್ಕಿಕಾಳನ್ನು ತನ್ನತ್ತ ಎಳೆಯುತ್ತದೆ, ಕೋಟಿಗಟ್ಟಲೆ ಬೆಲೆ ಎಂದು ನಂಬಿಸಿ ಮುಂಗಡ ಕೀಳುವ ದಂಧೆ ತಮಿಳುನಾಡು, ಕರ್ನಾಟಕ, ಆಂಧ್ರ ಮೂರೂ ಕಡೆ ನಡೆದಿದೆ. ಉಡುಮಲೈಪೇಟೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ನೆಂಟರೊಬ್ಬರು ಬಂದು, “ಅಣ್ಣಾ, ಆಕಾಶದಿಂದ ಬಿದ್ದ ಲೋಹವಂತೆ, ತೋಟದ ಪತ್ರ ಅಡವಿಟ್ಟರೂ ನಷ್ಟವಿಲ್ಲವಂತೆ” ಅಂದರು. ಅವರಿಗೆ ಹೇಳಿದ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಕಾಶದಿಂದ ಬಿದ್ದದ್ದು ನಿಜ. ಅಷ್ಟು ಮಾತ್ರ ನಿಜ.

ಭೂಮಿ ಕರಗಿದ ಸ್ಥಿತಿಯಲ್ಲಿದ್ದಾಗ ಇಲ್ಲಿನ ಇರಿಡಿಯಂ ಬಹುಪಾಲು ಕಬ್ಬಿಣದ ಜೊತೆ ಒಡಲಾಳಕ್ಕೆ ಇಳಿದುಹೋಯಿತು. ಮೇಲಿನ ಮಣ್ಣು ಕಲ್ಲಿನಲ್ಲಿ ಉಳಿದದ್ದು ಅತ್ಯಲ್ಪ. ಉಲ್ಕೆಗಳಲ್ಲಿ ಮಾತ್ರ ಅದರ ಅಂಶ ಜಾಸ್ತಿ. ಇಟಲಿಯ ಗುಬ್ಬಿಯೊ (ತುಮಕೂರಿನ ಗುಬ್ಬಿಯಲ್ಲ!) ಹತ್ತಿರ ಸುಣ್ಣಕಲ್ಲಿನ ಪದರಗಳ ನಡುವೆ ಬೆರಳಗಲದ ಜೇಡಿಮಣ್ಣಿನ ಗೆರೆ ಒಂದಿದೆ. ಭೂವಿಜ್ಞಾನಿ ವಾಲ್ಟರ್ ಆಲ್ವಾರೆಜ್, 1968ರಲ್ಲಿ ನೊಬೆಲ್ ಪಡೆದ ಅವರ ತಂದೆ ಲೂಯಿಸ್, ಜೊತೆಗೆ ಫ್ರಾಂಕ್ ಅಸಾರೊ, ಹೆಲೆನ್ ಮೈಕೆಲ್ ಆ ಮಣ್ಣನ್ನು ಪರೀಕ್ಷಿಸಿದರು. ಇರಿಡಿಯಂ ಸುಮಾರು 30 ಪಟ್ಟು ಹೆಚ್ಚಿತ್ತು. ಡೆನ್ಮಾರ್ಕಿನ ಅದೇ ಕಾಲದ ಗೆರೆಯಲ್ಲಿ 160 ಪಟ್ಟು! ಸುಮಾರು 10 ಕಿ.ಮೀ. ಗಾತ್ರದ ಕ್ಷುದ್ರಗ್ರಹ ಅಪ್ಪಳಿಸಿ, ಅದರ ಧೂಳು ಜಗತ್ತಿನ ಮೇಲೆಲ್ಲ ಕೂತಿತು, ಡೈನೋಸಾರ್‌ಗಳು ಅಳಿದದ್ದು ಆಗಲೇ ಎಂದು 1980ರಲ್ಲಿ ಪ್ರಕಟಿಸಿದರು. ಬಹಳ ಮಂದಿ ಒಪ್ಪಲಿಲ್ಲ. ಆಮೇಲೆ 1991ರಲ್ಲಿ, ಮೆಕ್ಸಿಕೋದ ಚಿಕ್ಸುಲುಬ್‌ನಲ್ಲಿ ಹೂತುಹೋಗಿದ್ದ ಸುಮಾರು 180 ಕಿ.ಮೀ. ಅಗಲದ ಕುಳಿಯೇ ಆ ಪೆಟ್ಟಿನ ಜಾಗ ಎಂದು ಗುರುತಿಸಿದರು. ಇದೆಲ್ಲ ಆಗಿ 6 ಕೋಟಿ 60 ಲಕ್ಷ ವರ್ಷ. ಇದರ ಮೇಲೆ ತೆಲುಗಿನಲ್ಲೂ ಕನ್ನಡದಲ್ಲೂ ಪದ್ಯ ಕಟ್ಟಲು ಕೂತೆ, ಕೋಟಿಯ ಲೆಕ್ಕ ಯಾವ ಛಂದಸ್ಸಿಗೂ ಒಗ್ಗಲಿಲ್ಲ.

ಈಗ ವ್ಯಾಪಾರದ ಲೆಕ್ಕ. ಗುಬ್ಬಿಯೊದ ಆ ಮಣ್ಣು ಒಂದು ಟನ್ ತೂಗಿದರೆ ಅದರಲ್ಲಿ ಇರಿಡಿಯಂ ಸುಮಾರು 9 ಮಿಲಿಗ್ರಾಂ. ಒಂದು ಅಕ್ಕಿಕಾಳೇ ಸುಮಾರು 20 ಮಿಲಿಗ್ರಾಂ ಇರುತ್ತದೆ. ಲೋಕಪ್ರಸಿದ್ಧ ಪದರದಲ್ಲೇ ಟನ್ನಿಗೆ ಅರ್ಧ ಅಕ್ಕಿಕಾಳಿನಷ್ಟು!

ನಮ್ಮ ಬೋರ್‌ವೆಲ್ ಪುಡಿಯಲ್ಲಿ ಹುಡುಕುವುದೂ ವ್ಯರ್ಥ. ಕೆಳಗಿರುವುದು ಇನ್ನೂರು ಕೋಟಿ ವರ್ಷಕ್ಕೂ ಹಳೆಯ ಗಟ್ಟಿಬಂಡೆ. ಆ ಧೂಳು ಇಲ್ಲಿ ಬಿದ್ದಿದ್ದರೂ ಮಳೆಗೆ ಕೊಚ್ಚಿಹೋಯಿತು. ಸಮುದ್ರದ ಇಲ್ಲವೇ ಕೆರೆಯ ತಳದಲ್ಲಿ ಮಣ್ಣು ಕೂತ ಕಡೆ ಮಾತ್ರ ಅದು ಉಳಿಯಬಲ್ಲದು. ನಮ್ಮ ದೇಶದಲ್ಲಿ ಮೇಘಾಲಯದ ಉಂ ಸೊಹ್ರಿಂಗ್‌ಕ್ಯೂ ನದಿ ದಡದಲ್ಲಿ, ಕಚ್ಛ್‌ನ ಅಂಜಾರ್‌ನಲ್ಲಿ ಇರಿಡಿಯಂ ಹೆಚ್ಚಿರುವ ಪದರಗಳು ಸಿಕ್ಕಿವೆ.

ಇನ್ನು ಕಲಶ. ಸಿಡಿಲು ಬಡಿದರೆ ತಾಮ್ರ ಕರಗಬಹುದು, ಬೇರೆ ಲೋಹ ಆಗುವುದಿಲ್ಲ. ಇರಿಡಿಯಂ ಕರಗಲು 2,400 ಡಿಗ್ರಿಗೂ ಮೀರಿದ ಶಾಖ ಬೇಕು, ತಾಮ್ರಕ್ಕೆ 1,085 ಸಾಕು. ಅಕ್ಕಿಯನ್ನು ಎಳೆಯುವ ಗುಣ ಇರಿಡಿಯಂಗೆ ಇಲ್ಲವೇ ಇಲ್ಲ. ಅಕ್ಕಿಗೆ ಕಬ್ಬಿಣದ ಪುಡಿ ಹಚ್ಚಿ ಪಾತ್ರೆಯಲ್ಲಿ ಅಯಸ್ಕಾಂತ ಅಡಗಿಸಿದರೆ ಆಟ ಮುಗಿಯಿತು. ನಿಜವಾದ ಇರಿಡಿಯಂ ಪ್ಲಾಟಿನಂ ಗಣಿಗಳಲ್ಲಿ, ಅದರಲ್ಲೂ ದಕ್ಷಿಣ ಆಫ್ರಿಕಾದಲ್ಲಿ, ಜೊತೆ ಸರಕಾಗಿ ಬರುತ್ತದೆ. ಕಣ್ಣಾರೆ ನೋಡುವ ಆಸೆ ಇದ್ದವರು ಮೆಕ್ಯಾನಿಕ್ ಅಂಗಡಿಯಲ್ಲಿ ಇರಿಡಿಯಂ ಸ್ಪಾರ್ಕ್ ಪ್ಲಗ್ ಕೇಳಿ. ಅದರ ತುದಿಯಲ್ಲಿ ಸೂಜಿಮೊನೆಯಷ್ಟು ಇರುತ್ತದೆ.