ಆಳಂದದ ಬಿಸಿಲಿಗೆ ಯಾವ ಕ್ರಿಸ್ಟಲ್?

ಸೆಕೆಂಡಿಗೆ 32,768 ಸಲ! ನಿಮ್ಮ ಮನೆಯ ಗೋಡೆ ಗಡಿಯಾರ ಬಿಚ್ಚಿ ನೋಡಿ. ಒಳಗಿನ ಪುಟ್ಟ ಬೋರ್ಡಿನ ಮೇಲೆ ಬರೀ ಆರು, ಎಂಟು ಮಿಲಿಮೀಟರ್ ಉದ್ದದ ಬೆಳ್ಳಿ ಬಣ್ಣದ ಕೊಳವೆಯೊಂದು, ಅಂದರೆ ಕ್ರಿಸ್ಟಲ್, ಮಲಗಿರುತ್ತದೆ. ಅದರೊಳಗೆ ಎರಡು ಕವಲಿನ ಸ್ಫಟಿಕದ ಚೂರೊಂದು ಹಗಲಿಲ್ಲ ಇರುಳಿಲ್ಲ ಅಷ್ಟು ಸಲ ನಡುಗುತ್ತಲೇ ಇದೆ. ಇದೆಂಥ ವಿಚಿತ್ರ ಸಂಖ್ಯೆ ಅಂತೀರಾ? ಅರ್ಧ ಮಾಡುತ್ತ ಬನ್ನಿ: 16,384, 8,192, 4,096... ಹದಿನೈದನೇ ಸಲಕ್ಕೆ ಉಳಿಯುವುದು ಸರಿಯಾಗಿ ಒಂದು. ಸೆಕೆಂಡಿನ ಮುಳ್ಳು ಒಂದು ಹೆಜ್ಜೆ ಮುಂದೆ!

ಈ ಸ್ಫಟಿಕ ಎಲ್ಲಿಯದೋ ಅಪರೂಪದ ವಸ್ತುವಲ್ಲ. ಅಫಜಲಪುರದ ಎರೆಹೊಲದಲ್ಲಿ ಕುಂಟೆಗೆ ತಾಗಿ ಸದ್ದು ಮಾಡುವ ಬೆಣಚುಕಲ್ಲು ಇದೆಯಲ್ಲ, ಅದೇ. ಸಿಲಿಕಾನ್ ಮತ್ತು ಆಕ್ಸಿಜನ್, ಮತ್ತೇನಿಲ್ಲ. ಆಳಂದ, ಅಫಜಲಪುರದ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಅದು ತಣ್ಣಗಾದಾಗ ಗಾಳಿಗುಳ್ಳೆಗಳಿದ್ದ ಕಡೆ ಪೊಟರೆಗಳು ಉಳಿದವು. ಅವುಗಳೊಳಗೆ ಇಳಿದ ಖನಿಜದ ನೀರಿನಿಂದ ಬೆಣಚು ಹರಳುಗಟ್ಟಿತು. ಹಾಗಂತ ಹೊಲದ ಕಲ್ಲನ್ನೇ ತಂದು ಬೋರ್ಡಿಗೆ ಬೆಸುಗೆ ಹಾಕಲಾಗದು. ಅದರಲ್ಲಿ ಕಲ್ಮಶ, ಬಿರುಕು, ಒಂದಕ್ಕೊಂದು ಅಂಟಿಕೊಂಡ ಹರಳು. ಗಡಿಯಾರದ ಸ್ಫಟಿಕವನ್ನು ಈಗ ದಪ್ಪ ಉಕ್ಕಿನ ಪಾತ್ರೆಯಲ್ಲಿ, ಸುಮಾರು 350 ಡಿಗ್ರಿ ಶಾಖದಲ್ಲಿ, ಗಾಳಿಯ ಸಾವಿರ ಪಟ್ಟು ಒತ್ತಡದಲ್ಲಿ ವಾರಗಟ್ಟಲೆ ಬೆಳೆಸುತ್ತಾರೆ. ಕಲ್ಲಿನ ಬೇಸಾಯ!

ಒತ್ತಿದರೆ ಈ ಕಲ್ಲು ವಿದ್ಯುತ್ ಕೊಡುತ್ತದೆಂದು ಪ್ಯಾರಿಸ್ಸಿನಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು ತೋರಿಸಿದ್ದು 1880ರಲ್ಲಿ. ವಿದ್ಯುತ್ ಕೊಟ್ಟರೆ ಕಲ್ಲೇ ಅಲುಗುತ್ತದೆಂಬುದು ಮರುವರ್ಷ ಗೊತ್ತಾಯಿತು. 1927ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಾರೆನ್ ಮ್ಯಾರಿಸನ್ ಮೊದಲ ಸ್ಫಟಿಕ ಗಡಿಯಾರ ಕಟ್ಟಿದರು. ಕಲಬುರಗಿ ಆಕಾಶವಾಣಿಯನ್ನು ಜೇವರ್ಗಿಯ ಹೊಲದಲ್ಲೂ 1107 ಕಿಲೋಹರ್ಟ್ಸ್‌ನಲ್ಲೇ ಹಿಡಿಯುತ್ತಿದ್ದೆವಲ್ಲ, ಸ್ಟೇಷನ್ ಅತ್ತಿತ್ತ ಸರಿಯದಂತೆ ಕಾಯುವುದು ಇಂಥದೇ ಸ್ಫಟಿಕ.

ಮೆಗಾಹರ್ಟ್ಸ್ ಲೆಕ್ಕದ, ಅಂದರೆ ಸೆಕೆಂಡಿಗೆ ಹತ್ತು ಲಕ್ಷಗಟ್ಟಲೆ ಸಲ ನಡುಗುವ ಕ್ರಿಸ್ಟಲ್‌ಗಳಲ್ಲಿ ಕವಲಿಲ್ಲ, ಚಪ್ಪಟೆ ಬಿಲ್ಲೆಯಿದೆ. ತೆಳುವಾದಷ್ಟೂ ಕಂಪನ ವೇಗ: 16 ಮೆಗಾಹರ್ಟ್ಸ್ ಬೇಕೆಂದರೆ ಬಿಲ್ಲೆಯ ದಪ್ಪ ಹೆಚ್ಚುಕಡಿಮೆ 0.1 ಮಿಲಿಮೀಟರ್! ಕಲ್ಲನ್ನು ಅಷ್ಟು ತೆಳುವಾಗಿ ಸೀಳುವವರ ಕೈಗೆ ದೊಡ್ಡ ನಮಸ್ಕಾರ.

ಇನ್ನು ಅಂಗಡಿಗೆ ಹೋಗೋಣ. ತೋಟದ ಪಂಪ್‌ಸೆಟ್‌ಗೆ ಟೈಮರ್ ಕಟ್ಟುವ ಹುಡುಗರು ‘32 ಕಿಲೋಹರ್ಟ್ಸ್ ಒಂದು ಕೊಡ್ರಿ’ ಅಂದು ತಂದುಬಿಡುತ್ತಾರೆ. ಅರ್ಧ ವಿಷಯ ಅಲ್ಲೇ ತಪ್ಪಿಹೋಗುತ್ತದೆ! ಎತ್ತಿನ ನಡಿಗೆ ಗಾಡಿಯ ಹೊರೆಗೆ ತಕ್ಕಂತೆ ಬದಲಾಗುವ ಹಾಗೆ ಕ್ರಿಸ್ಟಲ್‌ನ ವೇಗವೂ ಸರ್ಕಿಟ್ ಅದರ ಮೇಲೆ ಹೇರುವ ಕೆಪ್ಯಾಸಿಟನ್ಸ್ ಎಂಬ ಹೊರೆಗೆ ತಕ್ಕಂತೆ. ಈ ಹೊರೆಯನ್ನು ಅಳೆಯುವುದು ಪಿಕೊಫ್ಯಾರಡ್‌ನಲ್ಲಿ. ಒಂದೇ 32,768ರ ಕ್ರಿಸ್ಟಲ್ 12.5 ಪಿಕೊಫ್ಯಾರಡ್‌ನದೂ ಸಿಗುತ್ತದೆ, 7ರದೂ ಸಿಗುತ್ತದೆ. ನೋಡಲು ಎರಡೂ ಒಂದೇ. 7ಕ್ಕೆಂದು ಮಾಡಿದ ಸರ್ಕಿಟ್‌ನಲ್ಲಿ 12.5ರದನ್ನು ಕೂರಿಸಿದರೆ ಹೊರೆ ಕಡಿಮೆ, ಓಟ ಜೋರು. ದಿನಕ್ಕೆ ಆರು ಸೆಕೆಂಡಿನ ಆಸುಪಾಸು ಮುಂದೆ ಹೋದರೂ ಹೋದೀತು. ಟೈಮರಿನ ಚಿಪ್ ಯಾವ ಹೊರೆ ಕೇಳುತ್ತದೆಂದು ಅದರ ಮಾಹಿತಿ ಹಾಳೆಯಲ್ಲೇ ಬರೆದಿರುತ್ತದೆ. ಡಿಎಸ್1307 ಎಂಬ ಜನಪ್ರಿಯ ಗಡಿಯಾರ ಚಿಪ್ ಕೇಳುವುದು 12.5.

ಈಗ ಬಿಸಿಲು. ನನಗೆ ಅತಿ ಸೋಜಿಗವೆನಿಸಿದ್ದು ಇದು. ಕವಲಿನ ಸ್ಫಟಿಕ ಅತಿ ಚುರುಕಾಗಿರುವುದು 25 ಡಿಗ್ರಿಯ ಸುತ್ತ. ಅಲ್ಲಿಂದ ಬಿಸಿಯಾದರೂ ನಿಧಾನ, ತಣ್ಣಗಾದರೂ ನಿಧಾನ! ಎಷ್ಟು ಡಿಗ್ರಿ ದೂರವೋ ಅದರ ವರ್ಗವನ್ನು 0.034ರಿಂದ ಗುಣಿಸಿದರೆ ಹತ್ತು ಲಕ್ಷದಲ್ಲಿ ಎಷ್ಟು ಪಾಲು ಹಿಂದೆ ಬೀಳುತ್ತದೆಂದು ಸಿಗುತ್ತದೆ. ಮೇ ತಿಂಗಳ ಮಧ್ಯಾಹ್ನ ಜೇವರ್ಗಿಯಲ್ಲಿ ತಗಡಿನ ಶೆಡ್ಡಿನ ಪೆಟ್ಟಿಗೆಯೊಳಗೆ 55 ಡಿಗ್ರಿ ಮುಟ್ಟಿತೆನ್ನಿ. 30ರ ವರ್ಗ 900, ಉತ್ತರ 30.6. ಅದೇ ಕಾವು ದಿನವಿಡೀ ಇದ್ದರೆ ಎರಡೂವರೆ ಸೆಕೆಂಡಿಗೂ ಹೆಚ್ಚು ಹಿಂದೆ. ಕೈಗಡಿಯಾರಕ್ಕೆ ಈ ಕಾಟ ಕಡಿಮೆ. ಕಟ್ಟಿಕೊಂಡಷ್ಟು ಹೊತ್ತು ಮೈಯ ಹದವಾದ ಬಿಸಿ ಅದನ್ನು ಕಾಯುತ್ತದೆ.

ಹೀಗಾಗಿ ನಮ್ಮ ಬಿಸಿಲಿಗೆ ನನ್ನ ಮತ ಡಿಎಸ್3231 ಎಂಬ ಗಡಿಯಾರ ಚಿಪ್ಪಿಗೆ. ಕ್ರಿಸ್ಟಲ್ ಅದರ ಹೊಟ್ಟೆಯೊಳಗೇ ಇದೆ. ತನ್ನ ಬಿಸಿಯನ್ನು ತಾನೇ ಅಳೆದು, ಹೊರೆಯನ್ನು ಹೆಚ್ಚುಕಡಿಮೆ ಮಾಡಿ ವೇಗ ತಿದ್ದಿಕೊಳ್ಳುತ್ತದೆ! 40 ಡಿಗ್ರಿವರೆಗೆ ವರ್ಷಕ್ಕೆ ಒಂದು ನಿಮಿಷದಷ್ಟು, 85ರವರೆಗೂ ಎರಡು ನಿಮಿಷದೊಳಗಿನ ತಪ್ಪು. ದುಡ್ಡು ಸ್ವಲ್ಪ ಹೆಚ್ಚು, ಆದರೆ ಶೆಡ್ಡಿಗೆ ಅದೇ ಸರಿ. ನೆರಳಿನಲ್ಲಿಡುವ ಗಡಿಯಾರಕ್ಕೆ ಬಿಡಿ ಕ್ರಿಸ್ಟಲ್ ಸಾಕು. ಕೊಳ್ಳುವಾಗ ಮಾತ್ರ ಪಿಕೊಫ್ಯಾರಡ್ ಎಷ್ಟೆಂದು ಕೇಳಿ. ಅಂಗಡಿಯವರು ಹೇಳದಿದ್ದರೆ ಇನ್ನೊಂದು ಅಂಗಡಿ ನೋಡಿ.